ಎಮ್ಮೆಯ ಬಾಯಿಯಲ್ಲಿ ನನ್ನ ಕೈ

ನನ್ನ ಹೆಂಡತಿ ಶಾಂತಾಳ ಬಳೆಗಳು ನನ್ನ ಕೈಗೆ ಸರಾಗವಾಗಿ ಏರುತ್ತವೆ. ಗಂಡಸು ಹೇಳಿಕೊಳ್ಳುವ ಸಂಗತಿ ಇದಲ್ಲವೆಂದು ಬಲ್ಲೆ. ಆದರೂ ಎಪ್ಪತ್ತರ ದಶಕದಲ್ಲಿ ಶಲವಡಿಯಲ್ಲಿ ಶಾಲಾ ಮಾಸ್ತರನಾಗಿದ್ದಾಗ, ನನ್ನ ಪಾಂಡಿತ್ಯಕ್ಕಿಂತ ನನ್ನ ಮಣಿಕಟ್ಟಿನ ಕೃಶತೆಯೇ ಹೆಚ್ಚು ಲೋಕೋಪಯೋಗಿಯಾಗಿತ್ತೆಂಬುದನ್ನು ಮುಚ್ಚಿಡಲಾರೆ. ಕಂದೀಲಿನ ಗಾಜಿನೊಳಗೆ ಕೈ ತೂರದವರೆಲ್ಲ ಅದನ್ನು ನಮ್ಮ ಮನೆಗೆ ಕಳಿಸುವರು. ನಾನು ಬೂದಿ ಹಚ್ಚಿ ಒರೆಸಿಕೊಡುವೆ. ಇಂಥ ಕೀರ್ತಿಗೆ ಪಾತ್ರನಾದವನಿಗೆ, ಕೈಯನ್ನು ಯಾವಾಗ ಹಿಂದೆಳೆದುಕೊಳ್ಳಬೇಕೆಂಬ ವಿವೇಕ ಉಳಿಯುವುದಿಲ್ಲ.

ಒಂದು ಮುಂಜಾನೆ ನೆರೆಮನೆಯ ಶಿವಪ್ಪ ಕಾಕಾ ಬಾಗಿಲಲ್ಲಿ ನಿಂತಿದ್ದ. "ಎಮ್ಮಿ ಗಂಟಲದಾಗ ಕಣಿಕಿ ತುಂಡು ಸಿಕ್ಕೈತ್ರಿ ಮಾಸ್ತರ. ನನ್ನ ಕೈ ಒರಟು, ಒಳಗ ಹೋಗವಲ್ದು. ನೀವು ಒಂದೀಟು ಬರ್ರಿ." ಜೊಲ್ಲು ಸುರಿಯುವ, ಮೇವು ನುಂಗಲಾರದ ಎಮ್ಮೆಯ ಗಂಟಲಲ್ಲಿ ಜೋಳದ ಒಣದಂಟು ಸಿಕ್ಕಿರಲೇಬೇಕೆಂಬುದು ನಮ್ಮ ಕಡೆಯ ಮೊದಲ ನಿದಾನ, ಕೈ ಹಾಕಿ ತೆಗೆಯುವುದು ಮೊದಲ ಚಿಕಿತ್ಸೆ. ಅಂಗಿಯ ತೋಳು ಮಡಚಿ, ಎಮ್ಮೆಯ ಬಾಯೊಳಗೆ ಮೊಳಕೈವರೆಗೆ ಕೈ ಇಳಿಸಿದೆ. ಒಳಗೆ ಏನೂ ಇರಲಿಲ್ಲ. ಅದರ ದವಡೆ ಹಲ್ಲು ನನ್ನ ಕೈ ತರಚಿ ಎರಡು ಗೆರೆ ರಕ್ತ ಬಂತು, ಅಷ್ಟೆ. ಸೋತೆನೆಂಬ ನಾಚಿಕೆಯಲ್ಲಿ ಸುಣ್ಣ ಹಚ್ಚಿಕೊಂಡು ಶಾಲೆಗೆ ಹೋದೆ.

ಮೂರನೆಯ ದಿನ ಎಮ್ಮೆ ಸತ್ತಿತು. ಅಣ್ಣಿಗೇರಿಯಿಂದ ಸೈಕಲ್ಲಿನ ಮೇಲೆ ಬಂದ ದನದ ಡಾಕ್ಟರ್ ಅದನ್ನು ನೋಡಿ, ಹಿಂದಿನ ಕಾಲ ಮೇಲಿನ ಒಣಗಿದ ಗಾಯ ನೋಡಿ, ಇದೇನೆಂದು ಕೇಳಿದರು. ತಿರ್ಲಾಪುರದ ಕಡೆಯ ಹೊಲದಲ್ಲಿ ಹಾಡಹಗಲೇ ಒಂದು ನರಿ ಏರಿಬಂದು ಕಚ್ಚಿತ್ತೆಂದೂ, ಅರಿಷಿಣ ಹಾಕಿ ಮರೆತುಬಿಟ್ಟೆನೆಂದೂ ಕಾಕಾ ಹೇಳಿದ. ಡಾಕ್ಟರ್ ಎದ್ದು ನಿಂತರು. "ಬಾಯಾಗ ಕೈ ಹಾಕಿದವರು ಯಾರ್ರಿ?" ಓಣಿಗೆ ಓಣಿಯೇ ತಿರುಗಿ ನನ್ನನ್ನು ನೋಡಿತು.

ಹುಚ್ಚು ನರಿಯ ವಿಷ ಎಮ್ಮೆಗೆ, ಎಮ್ಮೆಯದು ಮಾಸ್ತರನಿಗೆ. ಹುಬ್ಬಳ್ಳಿಯ ದವಾಖಾನೆಯಲ್ಲಿ ಹೊಟ್ಟೆಯ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಸೂಜಿ. ಆ ಮದ್ದನ್ನು ಕುರಿಯ ಮಿದುಳಿನಿಂದ ತಯಾರಿಸುತ್ತಾರೆಂದು ಅಲ್ಲಿಯ ಡಾಕ್ಟರ್ ಹೇಳಿದಾಗ, ಇಷ್ಟು ವರ್ಷ ಹುಡುಗರಿಗೆ "ಕುರಿ" ಎಂದು ಬೈದದ್ದೆಲ್ಲ ನೆನಪಾಗಿ ಮುಖ ತಗ್ಗಿಸಿದೆ. ಕುರಿಯೊಂದು ನನ್ನ ರಕ್ತಕ್ಕೆ ಹದಿನಾಲ್ಕು ಪಾಠ ಹೇಳಲಿತ್ತು. ವಿದ್ಯಾರ್ಥಿ ಪಾಸಾಗುವನೋ ಇಲ್ಲವೋ ಎಂಬುದು ತಿಳಿಯಲು ತಿಂಗಳುಗಳೇ ಬೇಕು. ನಪಾಸಾದರೆ ಮರುಪರೀಕ್ಷೆ ಇಲ್ಲ.

ಕಾಕಾ ಹದಿನಾಲ್ಕು ದಿನವೂ ಜೊತೆಗೆ ಬಂದ. ಬೇಡವೆಂದರೆ, "ನನ್ನ ಎಮ್ಮಿ ಸಲುವಾಗಿ ಕೈ ಹಾಕೀರಿ. ನಾ ಬಾಜೂಕ ಕುಂದ್ರಾಂವನ" ಎನ್ನುವನು. ನಾವು ಬಸ್ಸಿಗೆ ಕಾಯುವ ಹುಣಸೆಮರದಲ್ಲಿ ಬಾವಲಿಗಳು ತಲೆಕೆಳಗಾಗಿ ಜೋತಾಡುತ್ತಿದ್ದವು. ಕೆಲವು ಕಾಡುಪ್ರಾಣಿಗಳು, ಅದರಲ್ಲೂ ಬಾವಲಿಗಳು, ಮನುಷ್ಯರನ್ನು ಕೊಲ್ಲುವ ವಿಷವನ್ನು ಮೈಯಲ್ಲಿ ಹೊತ್ತರೂ ಸುಖವಾಗಿ ಹಾರಾಡುತ್ತವೆಂದು ಡಾಕ್ಟರ್ ಹೇಳಿದ್ದರು. ಅದು ಹೇಗೆಂದು ಅವರಿಗೂ ಗೊತ್ತಿರಲಿಲ್ಲ. ನಾನು ಅವುಗಳನ್ನು ದಿಟ್ಟಿಸುತ್ತ ಹೊಟ್ಟೆಕಿಚ್ಚು ಪಡುತ್ತಿದ್ದೆ. ಸೂಜಿ ಚುಚ್ಚಿಸಿಕೊಂಡ ಹೊಟ್ಟೆ ಹೇಗೂ ಉರಿಯುತ್ತಲೇ ಇತ್ತು.

ನೀವು ನಗಬಹುದು, ಆಗ ನನಗೆ ಹಿಡಿದ ಹುಚ್ಚು ಬೇರೆಯೇ. ನೀರಿಗೆ ಅಂಜಿದರೆ ಕಥೆ ಮುಗಿಯಿತೆಂದು ಕೇಳಿದ್ದೆನಾದ್ದರಿಂದ, ಅಂಜುತ್ತೇನೋ ಇಲ್ಲವೋ ಎಂದು ಪರೀಕ್ಷಿಸಲು ತಾಸಿಗೊಂದು ತಂಬಿಗೆ ನೀರು ಕುಡಿಯುವೆ. ಒಂದು ಗುಟುಕು ನೆತ್ತಿಗೇರಿದರೆ, ರೋಗ ಬಂದೇಬಿಟ್ಟಿತೆಂದು ಇನ್ನೊಂದು ತಂಬಿಗೆ ಕುಡಿದು ನೋಡುವೆ. "ಕೆರೀನ ಖಾಲಿ ಮಾಡ್ತೀರೇನ್ರಿ?" ಎಂದು ಶಾಂತಾ ಕೇಳಿದಳು. ನಗಿಸಲು ಕೇಳಿದಳು, ಆದರೆ ತಂಬಿಗೆ ಖಾಲಿಯಾಗುವವರೆಗೂ ನನ್ನ ಗಂಟಲನ್ನೇ ನೋಡುತ್ತಿದ್ದಳು.

ನನ್ನ ತಟ್ಟೆ, ತಂಬಿಗೆ ಬೇರೆ ಮಾಡಿಕೊಂಡೆ. ಒಂದೂವರೆ ವರ್ಷದ ಮಗಳು ಗಿರಿಜಿಯನ್ನು ಎತ್ತಿಕೊಳ್ಳುವುದನ್ನೇ ಬಿಟ್ಟೆ. ನನ್ನ ಉಗುಳು ಅವಳಿಗೆ ತಾಗಿದರೆ? ಮುದ್ದಿಸುವಾಗ ಎಲ್ಲಾದರೂ ನನಗೆ ಹುಚ್ಚೆದ್ದರೆ? ಅವಳು ತಪ್ಪುಹೆಜ್ಜೆಯಿಡುತ್ತ ಬಂದರೆ ನಾನು ಎದ್ದು ಅಂಗಳಕ್ಕೆ ಹೋಗುತ್ತಿದ್ದೆ. ಸೂಜಿಗಳು ಮುಗಿದ ಮೇಲೂ ಹೋಗುತ್ತಿದ್ದೆ. ಅವಳು ಹೊಸ್ತಿಲು ಹಿಡಿದು ಅಳುವುದು ಹೊರಗಿನವರೆಗೂ ಕೇಳುತ್ತಿತ್ತು. ಸಾವಿಗಿಂತ ಅದಕ್ಕೇ ನಾನು ಹೆಚ್ಚು ಸೋತೆ.

ಈಚೆಗೆ ಒಂದು ಪತ್ರಿಕೆಯಲ್ಲಿ ಓದಿದೆ. ಬಾವಲಿಯ ಮೈಯೊಳಗಿನ ಕಾವಲುಗಾರ ಸದಾ ಎಚ್ಚರವಾಗಿರುತ್ತಾನಂತೆ, ಆದರೆ ಗಾಬರಿಬೀಳುವುದಿಲ್ಲವಂತೆ. ಎಷ್ಟೋ ವೈರಾಣು ರೋಗಗಳಲ್ಲಿ ನಮ್ಮನ್ನು ಕೆಡವುವುದು ವೈರಾಣುವಿಗಿಂತ ಅದನ್ನು ಓಡಿಸಲು ನಮ್ಮ ದೇಹವೇ ಎಬ್ಬಿಸುವ ರಂಪಾಟ. ಇಲಿ ಬಂತೆಂದು ಮನೆಗೆ ಬೆಂಕಿ ಹಚ್ಚುವ ಜಾತಿ ನಮ್ಮದು. ಹುಚ್ಚಿನ ರೋಗಕ್ಕೆ ಈ ಮಾತು ಅಷ್ಟು ಸಲೀಸಾಗಿ ಒಪ್ಪುವುದಿಲ್ಲವೆಂದೂ ಬರೆದಿದ್ದರು. ಅಲ್ಲಿ ಸೂಜಿಯೇ ಗತಿ. ಆದರೆ ನನ್ನ ಮನೆಗೆ ಅದು ತಕ್ಕಮಟ್ಟಿಗೆ ಒಪ್ಪುತ್ತದೆ. ಆ ದಿನಗಳಲ್ಲಿ ರೋಗ ಇನ್ನೂ ಬಂದೇ ಇರಲಿಲ್ಲ. ಮನೆ ಮಾತ್ರ ಸುಡುತ್ತಿತ್ತು, ಹಚ್ಚಿದವನು ನಾನೇ.

ಒಂದು ಸಂಜೆ ಶಾಂತಾ ಮಗಳನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿಯೇಬಿಟ್ಟಳು.

"ಕೂಸಿನ್ನ ಎತ್ತಬಾರದಂತ ಡಾಕ್ಟರ್ ಹೇಳ್ಯಾರೇನ್ರಿ?"

"ಇಲ್ಲ. ಏನೂ ಆಗೂದಿಲ್ಲ ಅಂದಾರ."

"ಮತ್ತ?"

ಗಿರಿಜಿ ನನ್ನ ಮೂಗು ಹಿಡಿದಳು, ಗದ್ದ ಎಳೆದಳು, ಆಮೇಲೆ ಆ ವಯಸ್ಸಿನ ಕೂಸುಗಳೆಲ್ಲ ಮಾಡುವಂತೆ ನನ್ನ ಬಾಯೊಳಗೆ ಕೈ ಹಾಕಿದಳು. ಮಣಿಕಟ್ಟಿನವರೆಗೆ ಹೋಯಿತು. ಹಲ್ಲು ಸವರಿ, ನಾಲಿಗೆ ಜಗ್ಗಿ, ಏನನ್ನೋ ಹುಡುಕಿದಳು. ನಾನು ಬಾಯಿ ಮುಚ್ಚಲೂ ಆಗದೆ, ಎದ್ದು ಹೋಗಲೂ ಆಗದೆ ಕುಳಿತಿದ್ದೆ. ಒದ್ದೆ ಬೆರಳುಗಳನ್ನು ಹೊರತೆಗೆದು ಅವಳು ನೇರವಾಗಿ ತನ್ನ ಬಾಯಿಗಿಟ್ಟುಕೊಂಡಳು.

ನಾನು ಶಾಂತಾಳ ಮುಖ ನೋಡಿದೆ. ಅವಳ ಮುಖವೂ ಬಿಳಿಚಿತ್ತು.

"ಇರ್ಲಿ ಬಿಡ್ರಿ," ಎಂದಳು.

ಗಿರಿಜಿ ಮತ್ತೆ ಕೈ ಚಾಚಿದಳು. ನಾನು ಬಾಯಿ ತೆರೆದೆ.