ಆರು ತೂತುಗಳ ನಡು

ಜತ್ತದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮುಕ್ತಾರನ ಲೇಥ್ ಅಂಗಡಿ. ಅವನ ಅಪ್ಪ ಮೌಲಾಸಾಬ ಯಂತ್ರದ ಕಬ್ಬಿಣದ ಪ್ಲೇಟಿಗೆ ಡ್ರಿಲ್ ಇಡುವಾಗ ಮೊದಲ ತೂತಿಗೆ ಬಿಸ್ಮಿಲ್ಲಾ ಅನ್ನುತ್ತಿದ್ದ. ಉಳಿದ ಬೋಲ್ಟಿನ ತೂತುಗಳನ್ನು ಹಳೆಯ ಪ್ಲೇಟು ಇಟ್ಟು ಗುರುತು ಮಾಡಿದರೂ, ಪ್ಲೇಟಿನ ನಡುವನ್ನು ಮಾತ್ರ ಆ ಮೊದಲನೆಯದರಿಂದಲೇ ಅಳೆಯುತ್ತಿದ್ದ. ದೇವರ ಹೆಸರಿನಲ್ಲಿ ಕೊರೆದದ್ದು ತಪ್ಪುವುದುಂಟೇ? ಅಪ್ಪ ತೀರಿಕೊಂಡ ಮೇಲೆ ಮಗನೂ ಅದನ್ನೇ ಹಿಡಿದ. ಅಪ್ಪ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಳ್ಳಬಾರದು ಎಂದು ಹೇಳುವುದು ಸುಲಭ; ಆ ನೆರಳಲ್ಲಿ ಉಂಡು ಬೆಳೆದವನಿಗೆ ಅದು ಅಷ್ಟು ಸುಲಭವಲ್ಲ.

ಬೆಳುಂಕಿಯ ಶಿವಲಿಂಗವ್ವ ಗಂಡ ಹೋದ ಮೇಲೆ ಹಿಟ್ಟಿನ ಗಿರಣಿ ನಡೆಸಿ ಬದುಕಿದವಳು. ಅದು ಡೀಸೆಲ್ ಎಂಜಿನ್ನಿನ ಮೇಲೆ ಓಡುತ್ತಿದ್ದಾಗ ಮುಕ್ತಾರನ ಅಳತೆ ಹೇಗೋ ನಡೆದುಹೋಯಿತು. ತೊಂಬತ್ತೆಂಟರಲ್ಲಿ ಕರೆಂಟಿನ ಮೋಟಾರು ಬಂದು ಓಟ ಹೆಚ್ಚಿತು. ಬೇರಿಂಗ್ ಹಿಡಿಯುವ ಹೊಸ ಪ್ಲೇಟನ್ನು ಅವನೇ ಮಾಡಿಕೊಟ್ಟ: ಸುತ್ತ ಆರು ಬೋಲ್ಟಿನ ತೂತು, ನಡುವೆ ಬೇರಿಂಗಿನ ದೊಡ್ಡ ತೂತು. ಐದು ಸರಿಯಾಗಿದ್ದವು. ಮೊದಲನೆಯದು ಮಾತ್ರ ಡ್ರಿಲ್ ಜಾರಿ ಕೂದಲೆಳೆಯಷ್ಟು ಸರಿದಿತ್ತು, ಅದರ ಬೆನ್ನು ಹತ್ತಿ ನಡುವೂ ಸರಿಯಿತು. ಕೆಲವೇ ದಿನಗಳಲ್ಲಿ ಬೇರಿಂಗ್ ಕಾದು ಬಿಗಿದು, ಗಿರಣಿ ತಿರುಗಿಸುವ ಪಟ್ಟಾ ಹಾರಿ, ಶಿವಲಿಂಗವ್ವನ ಬಲಗೈಯ ಎರಡು ಬೆರಳು ಹೋದವು.

ದವಾಖಾನೆಗೆ ಹೋದ ಮುಕ್ತಾರನನ್ನು ಆಕೆ ಬೈಯಲಿಲ್ಲ. ಗಿರಣಿ ನಿಂತರೆ ತಾನು ಉಣ್ಣುವುದೇನು, ಬೇರೆ ಪ್ಲೇಟು ಮಾಡಿಕೊಡು ಎಂದಷ್ಟೇ ಕೇಳಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅಂಗಡಿಗೆ ಬಂದರೆ ಡ್ರಿಲ್ ಮುಟ್ಟಲು ಕೈ ಏಳಲಿಲ್ಲ.

ಮಿರಜಿನ ಕಾರಖಾನೆಯಲ್ಲಿ ದುಡಿದು ಊರಿಗೆ ಮರಳಿದ್ದ ಮುರಗೆಪ್ಪನ ಹತ್ತಿರ ಆ ಕೆಟ್ಟ ಪ್ಲೇಟನ್ನೂ ಗಿರಣಿಯ ಹಳೆಯ ಪ್ಲೇಟನ್ನೂ ಒಯ್ದ. ಮುರಗೆಪ್ಪ ಹಳೆಯದರ ಆರೂ ತೂತಿಗೆ ಪಿನ್ನು ನಿಲ್ಲಿಸಿ, ಮೇಲೆ ಇದನ್ನು ಇಳಿಸಿ ಅಲುಗಿಸಿದ. ಐದು ಪಿನ್ನುಗಳು ಒಂದು ಕಡೆ ಕೂಡ್ರಿಸಲು ನೋಡಿದರೆ, ಮೊದಲ ತೂತಿನದು ತನ್ನ ಕಡೆ ಎಳೆಯುತ್ತಿತ್ತು.

"ಒಂದ ತೂತಿನ ಮಾತ ಕೇಳಿ ನಡುವ ಹುಡುಕಬ್ಯಾಡ ಮುಕ್ತಾರ. ಆರೂ ಕೂಡಿ ಪ್ಲೇಟ್ ಎಲ್ಲಿ ಕುಂದ್ರಸ್ತಾವ, ಅಲ್ಲಿಂದ ಅಳತಿ ತಗೊ."

ಮಾತು ತಿಳಿಯಿತು, ಮನಸ್ಸು ಒಪ್ಪಲಿಲ್ಲ. ಹಾಗಾದರೆ ಅಪ್ಪನ ಬಿಸ್ಮಿಲ್ಲಾ ಸುಳ್ಳಾಯಿತೇ ಎಂದು ಮನೆಯಲ್ಲಿ ತಾಯಿ ಲಾಲಬಿಯ ಮುಂದೆ ಕುಸಿದು ಕುಳಿತ. ಆಕೆ ಅಕ್ಕಿ ಆರಿಸುತ್ತಲೇ ಅಂದಳು:

"ಬಿಸ್ಮಿಲ್ಲಾ ಅನ್ನೂದು ಕೆಲಸಕ್ಕ, ಬೇಟಾ. ತೂತಿಗಲ್ಲ."

ಅಂಗಡಿ ನಡೆಸಿದಷ್ಟು ಕಾಲ ಅವನು ಬಿಸ್ಮಿಲ್ಲಾ ಬಿಡಲಿಲ್ಲ. ಒಂದೇ ತೂತಿನಿಂದ ಅಳೆಯುವುದನ್ನು ಬಿಟ್ಟ.

ಆರೂ ತೂತಿನಿಂದ ನಡು ಅಳೆದು ಮಾಡಿದ ಪ್ಲೇಟನ್ನು ಕೂಡ್ರಿಸಿ ಬೆಳುಂಕಿಯಲ್ಲಿ ಮೋಟಾರು ಚಾಲೂ ಮಾಡಿದಾಗ ಅವನೇ ಗಿರಣಿಗೆ ಅಡ್ಡ ನಿಂತ. "ನೀವು ದೂರ ನಿಂದರ್ರಿ, ಅಕ್ಕಾ" ಎಂದ. ಶಿವಲಿಂಗವ್ವ ಅವನನ್ನು ಸರಿಸಿ ಮುಂದೆ ಬಂದಳು. ಜೋಳ ಸುರಿದು, ಒಂದು ಚೀಲ ಬೀಸಿ ಮುಗಿಯುವ ತನಕ ಕಾದಳು. ಆಮೇಲೆ ಮೂರು ಬೆರಳಿನ ಆ ಕೈಯನ್ನೇ ಬೇರಿಂಗಿನ ಮೇಲೆ ಊರಿದಳು. ಆಕೆ ಕೈ ತೆಗೆಯಲಿಲ್ಲ.

"ಕಾದಿಲ್ಲೋ ತಮ್ಮಾ. ನೀನೂ ಕೈ ಇಟ್ಟು ನೋಡು."

ಅವನು ಆ ಕೈಯ ಪಕ್ಕ ತನ್ನ ಕೈ ಇಟ್ಟ, ಮಕ್ಕಳ ಹಾಗೆ ಅತ್ತ.