ಮಹಡಿಯಿಂದ ಬರುತ್ತಿದ್ದ ಹಾಡು

ಆ ಸ್ಟೀರಿಯೋ ನನ್ನ ಗಂಡನ ಪ್ರಾಣ. ನಾನು ಮುಟ್ಟಿದರೂ ಸಿಡುಕುತ್ತಿದ್ದರು. ಪಾರ್ಶ್ವವಾಯು ಬಡಿದು ಅವರ ಮಾತೂ ಬಲಗೈಯೂ ಹೋದ ಮೇಲೆ ಅದು ನನ್ನ ಕೈಗೆ ಬಂತು. ಹಾಸನದ ನಮ್ಮ ಮನೆಯ ಹಾಲಿನಲ್ಲಿ ಅದರ ಪಕ್ಕಕ್ಕೇ ಅವರ ಮಂಚ ಹಾಕಿಸಿದೆ. ಒಂದು ಸಿ.ಡಿ. ಹಾಕಿ, ಮಹಡಿ ಹತ್ತಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಲಗ್ನಪತ್ರಿಕೆ ಟೈಪ್ ಮಾಡಿಕೊಡುವುದು ನನ್ನ ಕೆಲಸ. ಹಾಡು ನಿಂತಿತೆಂದರೆ ಕೆಳಗಿಳಿಯುವುದು, ಅವರ ಮಗ್ಗುಲು ಬದಲಿಸುವುದು, ಎರಡು ಚಮಚ ನೀರು ಕುಡಿಸುವುದು, ಬೀದಿಯ ಸುದ್ದಿಯನ್ನೆಲ್ಲ ಒದರುವುದು. ಆಮೇಲೆ ಇನ್ನೊಂದು ಸಿ.ಡಿ. ಗಡಿಯಾರ ನೋಡುವ ಅಗತ್ಯವೇ ಇರಲಿಲ್ಲ.

ಮದುವೆಯ ದಿನಗಳು ಬಂದವು. ಚನ್ನರಾಯಪಟ್ಟಣ, ಅರಕಲಗೂಡು ಎಲ್ಲ ಕಡೆಯಿಂದಲೂ ಕೆಲಸ ಬಂದು ಬಿತ್ತು. ಮೆಟ್ಟಿಲು ಹತ್ತಿ ಇಳಿದು ನನ್ನ ಮಂಡಿ ಹಿಡಿದುಕೊಂಡಿತು. ಅಂಗೈಯಗಲದ ಒಂದು ಡಬ್ಬಿ ತಂದು ಸ್ಟೀರಿಯೋಗೆ ಸಿಕ್ಕಿಸಿದೆ. ಅಷ್ಟೇ, ಮೇಲಿನ ಕಂಪ್ಯೂಟರಿನಲ್ಲಿದ್ದ ಹಾಡೆಲ್ಲ ವೈಫೈನಲ್ಲೇ ಇಳಿದು ಹಾಲಿನಲ್ಲಿ ಕೇಳತೊಡಗಿದವು. ಅವರಿಗೆ ಇಷ್ಟವಾದದ್ದನ್ನೆಲ್ಲ ಹುಡುಕಿ, ಬೆಳಗಿನಿಂದ ಸಂಜೆಯವರೆಗೂ ಮುಗಿಯದಷ್ಟು ಉದ್ದದ ಪಟ್ಟಿ ಮಾಡಿದೆ. ಏನು ಹೆಮ್ಮೆ ನನಗೆ! ಊಟದ ಹೊತ್ತಿಗೊಮ್ಮೆ, ಕಾಫಿಯ ಹೊತ್ತಿಗೊಮ್ಮೆ ಕೆಳಗಿಳಿದರೆ ಸಾಕಾಗುತ್ತಿತ್ತು.

ವಾರ ಕಳೆಯುವಷ್ಟರಲ್ಲಿ ಹಾಡು ನಡುನಡುವೆ ನಿಲ್ಲತೊಡಗಿತು. ಫೋನಿನಲ್ಲಿ ಬೈದು ನೆಟ್‌ನವನನ್ನು ಕರೆಸಿದೆ. ಅವನು ಮಂಚದ ಪಕ್ಕ ಬಗ್ಗಿ ನೋಡಿದ.

"ನೆಟ್ಟು ಸರ್ಯಾಗೈತೆ ಮೇಡಂ. ಈ ಡಬ್ಬಿ ಪ್ಲಗ್ಗು ಸಡ್ಲಾಗೈತೆ ನೋಡಿ. ಸಾರೇ ವೈರ್ ಎಳ್ದವ್ರೆ ಅನ್ಸುತ್ತೆ."

ವೈರು ಅವರ ಎಡಗೈಗೆ ಸಿಗುವಂತೆಯೇ ಇತ್ತು. ನನಗೆ ಮೈಯೆಲ್ಲ ಉರಿದುಹೋಯಿತು. "ಇಷ್ಟೆಲ್ಲ ನಿಮಗೋಸ್ಕರ ಮಾಡಿರದು! ಹಿಂಗ್ ಮಾಡ್ತೀರಲ್ಲ, ಶಾಕ್ ಹೊಡುದ್ರೆ ಏನ್ ಗತಿ?" ಎಂದು ಅವನ ಎದುರಿಗೇ ಕೂಗಾಡಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರು ಬಂತು. ಬೈದದ್ದಕ್ಕೆ ಎಂದುಕೊಂಡೆ. ಪ್ಲಗ್ಗನ್ನು ಬೀರುವಿನ ಹಿಂದಕ್ಕೆ ಹಾಕಿಸಿದೆ. ಆಮೇಲೆ ಹಾಡು ನಿಲ್ಲಲೇ ಇಲ್ಲ.

ಮಗ್ಗುಲು ಬದಲಿಸದೆ ಬೆನ್ನಿನಲ್ಲಿ ಹುಣ್ಣಾಯಿತು. ಹುಣ್ಣು ನಂಜಾಯಿತು. ಆಸ್ಪತ್ರೆಗೆ ಹೋದವರು ಮನೆಗೆ ವಾಪಸ್ ಬರಲಿಲ್ಲ.

ತಿಥಿಗೆಂದು ಹಳ್ಳಿಮೈಸೂರಿನಿಂದ ಅವರ ತಂಗಿ ಬಂದಿದ್ದಳು. ಎಲ್ಲರೂ ಉಂಡು ಹೋದ ಮೇಲೆ ಸ್ಟೀರಿಯೋ ಮೇಲಿನ ಧೂಳು ಒರೆಸುತ್ತ ಅಂದಳು: "ಆವತ್ತು ಮದ್ವೆ ಕೆಲ್ಸದ್ ಟೈಮಲ್ಲಿ ಅಣ್ಣನ್ನ ನೋಡಕ್ ಬಂದಿದ್ನಲ್ಲ ಅತ್ಗೆ, ಇಡೀ ಮದ್ಯಾನ ಪಕ್ಕದಲ್ಲೇ ಕೂತಿದ್ದೆ. ಒಂದ್ ಪದ ಮುಗ್ದೇಟ್ಗೆ ಮೆಟ್ಲು ಕಡೆ ನೋಡೋನು. ಇನ್ನೊಂದು ಸುರುವಾದೇಟ್ಗೆ ಕಣ್ ಮುಚ್ಕಳೋನು. ಪದ ಕೇಳಿ ಕೇಳಿ ಬ್ಯಾಸ್ರಾಗಿತ್ತೇನೋ ಕಣತ್ಗೆ."

ಹಾಡು ನಿಂತರೆ ನಾನು ಇಳಿದು ಬರುತ್ತೇನೆಂದು ಅವರಿಗೆ ರೂಢಿ ಮಾಡಿಸಿದವಳು ನಾನೇ.