ಮುತ್ತಲ ಹೂವಿನ ಕೆಂಪು ನೀರು

ಹೋದ ವಾರ ಸೊಸೆ ಮಸಾಲೆ ರುಬ್ಬಲೆಂದು ಬ್ಯಾಡಗಿ ಮೆಣಸಿನಕಾಯಿ ಬಿಸಿನೀರಿನಲ್ಲಿ ನೆನೆಹಾಕಿದ್ದಳು. ನಾನು ಅಡುಗೆಮನೆಗೆ ಹೋಗುವ ಹೊತ್ತಿಗೆ ಬಟ್ಟಲಿನ ನೀರು ಕೆಂಪಗಾಗಿತ್ತು. ಆ ವಾಸನೆ ಖಾರದ್ದಲ್ಲ, ಒಂದು ನಮೂನೆ ಒಣಹಣ್ಣಿನ ಸಿಹಿ ವಾಸನೆ. ಪಕ್ಕದಲ್ಲೇ ಮೊಮ್ಮಗಳ ಶಾಲೆಯಿಂದ ಬಂದ ಚೀಟಿ ಬಿದ್ದಿತ್ತು. ವಸಂತ ಬಂದಿದೆ, ಎಲ್‌ಕೆಜಿ ಮಕ್ಕಳೆಲ್ಲ ಹೂ ಬಿಟ್ಟ ಟೊಂಗೆ ಮಾಡಿಕೊಂಡು ಬರಬೇಕು, ಗುಲಾಬಿ ಬಣ್ಣದ ಕಾಗದ ಬಳಸಿರಿ ಅಂತ. ಮೇಲೆ ಯಾವುದೋ ದೇಶದ, ಗುಲಾಬಿ ಬಣ್ಣದ ಹೂ ಬಿಟ್ಟ ಮರದ ಚಿತ್ರ. ನಮ್ಮ ಹಾವೇರಿಯಲ್ಲಿ ಆ ಮರವನ್ನು ಕಂಡವರು ಯಾರಿದ್ದಾರೋ ನನಗೆ ಗೊತ್ತಿಲ್ಲ. ಕೆಂಪು ನೀರು, ಹೂವಿನ ಚೀಟಿ, ಎರಡೂ ಒಂದೇ ಕಟ್ಟೆಯ ಮೇಲೆ... ನಾನು ಹೋದ ಕೆಲಸವನ್ನೇ ಮರೆತು ಅಲ್ಲೇ ನಿಂತೆ.

ಮೂವತ್ತು ವರ್ಷದ ಹಿಂದೆ ನಾನು ಬ್ಯಾಡಗಿಯ ಒಂದು ಬಾಲವಾಡಿಯಲ್ಲಿ ಕಲಿಸುತ್ತಿದ್ದೆ. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ನನ್ನ ಜೊತೆಗೆ ಇದ್ದವರು ಅಕ್ಕೋರು. ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಅಂತಲೇ ಕರೆಯುವುದು, ಹಾಗೆ ನೋಡಿದರೆ ನಾನೂ ಅಕ್ಕೋರೇ. ಆದರೆ ಮಕ್ಕಳು ಚಾಣಾಕ್ಷರು. ಅವರನ್ನು ಅಕ್ಕೋರು ಅಂತಲೂ ನನ್ನನ್ನು ‘ಸಣ್ಣ ಅಕ್ಕೋರು’ ಅಂತಲೂ ತಾವೇ ವಿಂಗಡಿಸಿಕೊಂಡಿದ್ದರು. ಅಕ್ಕೋರು ಮನೆಯಲ್ಲಿ ಉರ್ದು ಮಾತಾಡುವವರು. ಶಾಲೆಯಲ್ಲಿ ಅವರ ಕನ್ನಡ ನನ್ನದಕ್ಕಿಂತ ಚೊಕ್ಕ. ಬೆಳಿಗ್ಗೆ ಬಂದು ಬುರ್ಖಾ ತೆಗೆದು ಬಾಗಿಲ ಹಿಂದಿನ ಮೊಳೆಗೆ ಹಾಕಿದರೆಂದರೆ ಶಾಲೆ ಶುರುವಾಯಿತು ಅಂತ ಅರ್ಥ.

ಮಾರ್ಕೆಟ್ಟಿಗೆ ಮೆಣಸಿನಕಾಯಿ ಬರುವ ಕಾಲದಲ್ಲಿ ನಮ್ಮ ಮಕ್ಕಳ ತಾಯಂದಿರೆಲ್ಲ ತೊಟ್ಟು ಬಿಡಿಸಲು ಹೋಗುತ್ತಿದ್ದರು. ಅದೇ ಸುಮಾರಿಗೆ, ಹೋಳಿ ಹುಣ್ಣಿಮೆಗೆ ಮುಂಚೆ, ಊರ ಹೊರಗೆ ಮುತ್ತಲ, ಅಂದರೆ ಮುತ್ತುಗದ ಗಿಡಗಳು ಎಲೆ ಉದುರಿಸಿ ಮೈತುಂಬ ಕೆಂಪು ಹೂ ಬಿಡುತ್ತಿದ್ದವು. ಆ ಹೂವನ್ನು ಅಕ್ಕೋರು ಮಕ್ಕಳ ಕೈಯಲ್ಲಿ ಮಾಡಿಸುತ್ತಿದ್ದರು. ಹಳೆಯ ನೋಟ್‌ಬುಕ್ಕಿನ ಹಾಳೆಯನ್ನು ಮೆಣಸಿನಕಾಯಿಯ ಕೆಂಪು ನೀರಿನಲ್ಲಿ ಅದ್ದಿ, ಒಣಗಿಸಿ, ಗಿಳಿಯ ಕೊಕ್ಕಿನಂತೆ ಮಡಚಿ, ಮೈದಾ ಅಂಟಿನಿಂದ ತೊಗರಿ ಕಟ್ಟಿಗೆಗೆ ಅಂಟಿಸುವುದು. ಊರಲ್ಲೇ ಇಷ್ಟು ಬಣ್ಣ ಇರುವಾಗ ಅಂಗಡಿಯದು ಯಾಕೆ ಅನ್ನುವುದು ಅವರ ವಾದ.

ಆ ನೀರು ಮಾಡುವುದರಲ್ಲಿ ಅವರಿಗೆ ಭಾರಿ ಮಡಿ. ಸುಕ್ಕುಸುಕ್ಕಾದ, ಬಣ್ಣ ಜಾಸ್ತಿ ಖಾರ ಕಮ್ಮಿಯ ಕಾಯಿಯೇ ಆಗಬೇಕು. ಬೀಜ ಪೂರ್ತಿ ಉದುರಿಸಿ ಬರೀ ಸಿಪ್ಪೆ ಕುದಿಸಬೇಕು. ಎರಡು ಸಲ ಬಟ್ಟೆಯಲ್ಲಿ ಸೋಸಬೇಕು. ಆರಿದ ಮೇಲೆ ಒಂದು ಹನಿ ನಾಲಿಗೆಗೆ, ಒಂದು ಹನಿ ಮುಂಗೈಗೆ, ಕೊನೆಗೆ ಒದ್ದೆ ಬೆರಳನ್ನು ತಮ್ಮ ಕಣ್ಣಿನ ಅಂಚಿಗೆ ಹಚ್ಚಿಕೊಂಡು ಸುಮ್ಮನೆ ಕೂಡುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ.

“ನಗಬ್ಯಾಡ ತಂಗಿ,” ಅಂದರು. “ಹುಡುಗರ ಕೈ ಎಲ್ಲೆಲ್ಲಿ ಹೋಗತೈತಿ ಅಂತ ಹೇಳಾಕ ಬರಂಗಿಲ್ಲ. ಮೊದಲು ನನ್ನ ಕಣ್ಣಿಗೆ ಹೋಗಲಿ.”

ಮರುವರ್ಷ ಅದೇ ಕೆಲಸಕ್ಕೆ ಒಂದು ದಿನ ಮುಂಚೆ ರಾಣೆಬೆನ್ನೂರಿನಲ್ಲಿ ಅವರ ತಾಯಿಗೆ ಆರಾಮ ತಪ್ಪಿತು. ಹೊರಡುವಾಗ ನೀರು ಕುದಿಸುವ ಕೆಲಸ ನನಗೆ ಒಪ್ಪಿಸಿ, ಬೆಳಿಗ್ಗೆ ಬಸ್ ಇಳಿದು ನೇರ ಶಾಲೆಗೆ ಬರುತ್ತೇನೆ ಅಂದರು. ಸಂಜೆ ನಮ್ಮ ಮನೆಗೆ ಬೀಗರು ಬಂದಿದ್ದರು. ಅತ್ತೆಯವರ ಡಬ್ಬಿಯಲ್ಲಿ ತೊಟ್ಟು ಬಿಡಿಸಿಟ್ಟ ಮೆಣಸಿನಕಾಯಿ ಇತ್ತು. ಕೈಗೆ ಸಿಕ್ಕಿತಲ್ಲ ಅಂತ ಅದನ್ನೇ ಎರಡು ಹಿಡಿ ಹಾಕಿ ಕುದಿಸಿಬಿಟ್ಟೆ. ಅದು ಖಾರಪುಡಿ ಕುಟ್ಟಿಸಲು ಇಟ್ಟದ್ದು. ನಮ್ಮ ಮನೆಗಳಲ್ಲಿ ಖಾರಪುಡಿಗೆ ಬಣ್ಣಕ್ಕೆ ಒಂದು ಜಾತಿ, ಖಾರಕ್ಕೆ ಒಂದು ಜಾತಿ ಕಾಯಿ ಬೆರೆಸಿಯೇ ಇಟ್ಟಿರುತ್ತಾರೆ. ಅಡುಗೆಮನೆಯಲ್ಲಿ ಬೆಳೆದ ಹುಡುಗಿಗೆ ಇದು ಗೊತ್ತಿರಲಿಲ್ಲ ಅಂದರೆ ಯಾರೂ ನಂಬಬಾರದು. ಗೊತ್ತಿತ್ತು. ಆ ಗಡಿಬಿಡಿಯಲ್ಲಿ ನೆನಪು ಮಾಡಿಕೊಳ್ಳುವ ಮನಸ್ಸಿರಲಿಲ್ಲ, ಅಷ್ಟೆ. ಬೀಜ ತೆಗೆಯಲಿಲ್ಲ. ಒಂದೇ ಸಲ ಸೋಸಿದೆ. ನಾಲಿಗೆಗೂ ಹಚ್ಚಲಿಲ್ಲ, ಕೈಗೂ ಹಚ್ಚಲಿಲ್ಲ.

ಬೆಳಿಗ್ಗೆ ಅಕ್ಕೋರು ಬಂದಾಗ ಮಕ್ಕಳು ಆಗಲೇ ಬಟ್ಟಲಿನ ಸುತ್ತ ಕೂತಿದ್ದರು. ಅವರ ಹೆಗಲಿಗೆ ಇನ್ನೂ ಊರಿನ ಚೀಲ. ಅಷ್ಟರಲ್ಲಿ ಬಾಗಿಲಲ್ಲಿ ಎಡವಿ ಬಿದ್ದ ಒಂದು ಕೂಸು ಅಳುತ್ತಾ ಬಂದು ಅವರ ಕಾಲು ತಬ್ಬಿಕೊಂಡಿತು. ಅದನ್ನು ಎತ್ತಿಕೊಂಡೇ ಕೇಳಿದರು, “ನೀರು ಹಚ್ಚಿ ನೋಡೀಯಿಲ್ಲೊ ತಂಗಿ?”

“ಹೂಂರಿ,” ಅಂದೆ.

ಆ ಒಂದು ದಿನ ಅವರು ಬೆರಳು ಅದ್ದಲಿಲ್ಲ.

ಸ್ವಲ್ಪ ಹೊತ್ತಿಗೆಲ್ಲ ಒಬ್ಬೊಬ್ಬರಾಗಿ ಕಣ್ಣುಜ್ಜಿಕೊಂಡು ಚೀರತೊಡಗಿದರು. ನೀರು ಹೊಡೆದೆವು, ಸೀರೆ ಸೆರಗಿನಲ್ಲಿ ಒರೆಸಿದೆವು... ಯಾರನ್ನು ಮೊದಲು ಹಿಡಿದೆ ಅನ್ನುವುದೂ ಈಗ ನೆನಪಿಲ್ಲ. ನಾಲ್ಕು ವರ್ಷದ ಒಂದು ಹುಡುಗಿಗೆ ಮಾತ್ರ ಬಹಳ ಆಯಿತು. ಎರಡೂ ರೆಪ್ಪೆ ಬಾತು ಮುಚ್ಚಿಕೊಂಡವು. ದವಾಖಾನೆಯಲ್ಲಿ ದೃಷ್ಟಿಯ ಬಗ್ಗೆ ಈಗಲೇ ಹೇಳಲಿಕ್ಕೆ ಬರುವುದಿಲ್ಲ ಅಂದರು. ಅವಳ ತಾಯಿ ಮಾರ್ಕೆಟ್ಟಿನಿಂದ ಹಾಗೆಯೇ ಓಡಿಬಂದು, ತನ್ನ ಕೈಯೂ ಖಾರದ್ದು ಅಂತ ಮಗಳನ್ನು ಮುಟ್ಟಲಾರದೆ ಕೈ ಹಿಂದೆ ಕಟ್ಟಿಕೊಂಡು ಅತ್ತಳು. ಐದನೆಯ ದಿನಕ್ಕೆ ಆ ಹುಡುಗಿ ಕಣ್ಣು ಬಿಟ್ಟಳು, ದೃಷ್ಟಿಗೆ ಏನೂ ಆಗಿರಲಿಲ್ಲ. ಆದರೆ ಬಾಲವಾಡಿ ನಡೆಸುವ ಕಮಿಟಿಯವರು ಸೇರಿದ್ದು ಮೂರನೆಯ ದಿನ.

ಸಭೆಗೆ ಮುಂಚೆ ಅಕ್ಕೋರು ನನ್ನನ್ನು ಬೇವಿನ ಗಿಡದ ಕೆಳಗೆ ಕರೆದು, ಯಾವ ಮೆಣಸಿನಕಾಯಿ ಹಾಕಿದ್ದಿ ಅಂತ ಕೇಳಿದರು. ಎಲ್ಲ ಹೇಳಿದೆ. ಕೇಳಿಕೊಂಡು ಅಂದರು:

“ಒಳಗೂ ಇಷ್ಟ ಹೇಳು. ತಪ್ಪು ಇಬ್ಬರದೂ ಐತಿ. ನೀ ನೋಡೇನಿ ಅಂದಿ, ನಾ ಮುಟ್ಟಲಿಲ್ಲ. ನಿನ್ನ ಪಾಲಿಂದು ನಾ ಹೇಳೂದಿಲ್ಲ, ಅದನ್ನ ನೀನ ಹೇಳಬೇಕು.”

ಒಳಗೆ ಕಮಿಟಿಯವರು ಮೆಣಸಿನ ನೀರಿನ ಪದ್ಧತಿ ಯಾರದು ಅಂತ ಕೇಳಿದರು. ನಂದ್ರಿ ಅಂದರು ಅಕ್ಕೋರು. ಅವತ್ತು ಮುಟ್ಟಿ ನೋಡಿದ್ದಿರೇನು ಅಂತ ಕೇಳಿದರು. ಇಲ್ಲರಿ ಅಂದರು. ಆಮೇಲೆ ಅಕ್ಕೋರು ನನ್ನ ಕಡೆ ತಿರುಗಿ ಕಾಯ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ನಾನು ಆ ಕಳ್ಳನಿಗಿಂತ ಗಟ್ಟಿ, ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ. ಎಷ್ಟೋ ಕಾಡಿ ಬೇಡಿದ ಮೇಲೆ ಅತ್ತೆಯವರು ಕೆಲಸಕ್ಕೆ ಕಳಿಸಿದ್ದರು, ಇದು ಗೊತ್ತಾದರೆ ಮನೆಯಲ್ಲೇ ಕೂಡಬೇಕು ಅನ್ನುವುದೊಂದೇ ತಲೆಯಲ್ಲಿತ್ತು. ನನ್ನನ್ನು ಯಾರೂ ಕೇಳಲಿಲ್ಲವಲ್ಲ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮರುದಿನದಿಂದ ಬರುವುದು ಬೇಡ ಅಂತ ಕಮಿಟಿಯವರು ಅಕ್ಕೋರಿಗೆ ಹೇಳಿದರು. ಅಕ್ಕೋರು ಮೊಳೆಯಿಂದ ಬುರ್ಖಾ ತೆಗೆದುಕೊಂಡರು.

ಅವರ ಕುರ್ಚಿ ನನಗೆ ಬಂತು. ಎಂಟು ದಿನ ಆಗುವುದರೊಳಗೆ ಮಕ್ಕಳು ‘ಸಣ್ಣ’ ಅನ್ನುವುದನ್ನು ಬಿಟ್ಟರು. ಬಾಗಿಲಲ್ಲಿ ಯಾರಾದರೂ ಅಕ್ಕೋರ ಅಂತ ಕೂಗಿದರೆ ನಾನು ಎಷ್ಟೋ ದಿನ ಮೊದಲು ಆ ಮೊಳೆಯ ಕಡೆ ನೋಡುತ್ತಿದ್ದೆ.

ವರ್ಷಗಳಾದ ಮೇಲೆ ಒಮ್ಮೆ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವರು ಸಿಕ್ಕಿದ್ದರು. ತವರುಮನೆಯಲ್ಲೇ ಬಟ್ಟೆ ಹೊಲಿದುಕೊಂಡು ಇದ್ದೇನೆ ಅಂದರು. ಮತ್ತೆ ಎಲ್ಲೂ ಕಲಿಸಲಿಲ್ಲ. ನನ್ನ ಮಕ್ಕಳ ಬಗ್ಗೆ ಕೇಳಿದರು. ಹೇಳಬೇಕಾದ ಮಾತನ್ನು ಈಗಲಾದರೂ ಹೇಳಿಬಿಡೋಣ ಅಂದುಕೊಂಡೆ... ಅಷ್ಟರಲ್ಲಿ ಅವರೇ, “ಹುಡುಗರ ಕಡೆ ಹೂವು ಮಾಡಸ್ತಿಯಿಲ್ಲೊ?” ಅಂದರು.

ಅವರು ಬಿಟ್ಟಾಗಿನಿಂದ ನಮ್ಮ ಶಾಲೆಯಲ್ಲಿ ಒಂದು ಹೂವೂ ಅರಳಿರಲಿಲ್ಲ. “ಹೂಂರಿ,” ಅಂದೆ. ಅವರ ಮುಖ ಎಷ್ಟು ಹಿಗ್ಗಿತೆಂದರೆ, ಎದುರು ನಿಲ್ಲಲಾರದೆ ಮೊದಲು ಸಿಕ್ಕ ಬಸ್ಸನ್ನು ಹತ್ತಿಬಿಟ್ಟೆ. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಆರು ತಿಂಗಳು ತಡವಾಗಿ, ಯಾರದೋ ಮದುವೆಯ ಪಂಕ್ತಿಯಲ್ಲಿ.

ಮೊನ್ನೆ ನಾನು ಮೊಮ್ಮಗಳಿಗೆ ಗುಲಾಬಿ ಬಣ್ಣದ ಹೂ ಬೇಡ ಅಂದೆ. ಅರಿಷಿಣ ಕುಂಕುಮ ಕಲಸಿದ ನೀರಿನಲ್ಲಿ ಹಾಳೆ ಅದ್ದಿ ಇಬ್ಬರೂ ಮುತ್ತಲ ಹೂ ಮಾಡಿದೆವು. ಮಡಚುವುದು ಕೈಗೆ ಇನ್ನೂ ನೆನಪಿತ್ತು. ನೀರನ್ನು ಮೊದಲು ಮುಂಗೈಗೆ, ಆಮೇಲೆ ಕಣ್ಣಿನ ಅಂಚಿಗೆ ಹಚ್ಚಿಕೊಂಡು ಕೂತೆ. ಮೊಮ್ಮಗಳು ನಕ್ಕಳು.

ಮರುದಿನ ಅವಳ ಟೀಚರ್ ಫೋನ್ ಮಾಡಿದ್ದರು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸಿನ ದನಿ.

“ಹೂವು ಭಾಳ ಚೊಲೊ ಆಗ್ಯಾವ್ರಿ ಅಜ್ಜಿ. ಇದು ನಿಮ್ಮ ಐಡಿಯಾನ ಏನ್ರಿ?”

ಹೂಂ ಅನ್ನುವುದು ನಾಲಿಗೆಯ ತುದಿಗೇ ಬಂದಿತ್ತು. “ಅಲ್ಲವ್ವ,” ಅಂದೆ. “ನಮ್ಮ ಅಕ್ಕೋರದು. ಒಮ್ಮೆ ನಾ ತಪ್ಪು ಮೆಣಸಿನಕಾಯಿ ಕುದಿಸಿ, ಮುಟ್ಟಿ ನೋಡೇನಿ ಅಂತ ಸುಳ್ಳು ಹೇಳಿದೆ. ಹುಡುಗರ ಕಣ್ಣು ಉರದ್ವು. ಅವರ ನೌಕರಿ ಹೋತು, ನಾ ಬಾಯಿ ಬಿಡಲಿಲ್ಲ.”

ಒಳ್ಳೆಯ ಹುಡುಗಿ ಪಾಪ. ಮೆತ್ತಗೆ ಕೇಳಿದಳು, “ಅವರು ಈಗ ಎಲ್ಲಿ ಅದಾರ್ರಿ ಅಜ್ಜಿ? ನಮ್ಮ ಶಾಲಿಗೆ ಒಮ್ಮೆ ಕರಸೋಣೇನ್ರಿ?”